ಭೇದಿಯಾದ ಮಗುವಿಗೆ ಓಆರ್‌ಎಸ್: ಕೇಳಿ ಪಡೆಯಿರಿ, ಅಳೆದು ಕಲಸಿ, ನಿಧಾನವಾಗಿ ಕುಡಿಸಿ

ಜಗತ್ತಿನಲ್ಲಿ ಐದು ವರ್ಷದೊಳಗಿನ 4 ಲಕ್ಷಕ್ಕೂ ಹೆಚ್ಚು ಮಕ್ಕಳು ಈಗಲೂ ಪ್ರತಿವರ್ಷ ಭೇದಿಯಿಂದ ಸಾಯುತ್ತಿದ್ದಾರೆ. ಮೈಯಿಂದ ನೀರು, ಉಪ್ಪು ಸೋರಿಹೋಗುವುದೇ ಇವುಗಳಲ್ಲಿ ಬಹಳಷ್ಟು ಸಾವಿಗೆ ಕಾರಣ. ಸೋರಿದ್ದನ್ನು ತುಂಬಿಕೊಡುವ ಓಆರ್‌ಎಸ್ (ನೀರಿನಲ್ಲಿ ಕಲಸಿ ಕುಡಿಸುವ ಲವಣ-ಗ್ಲೂಕೋಸ್ ಪುಡಿ) ಬಂದು ಅರ್ಧ ಶತಮಾನ ದಾಟಿತು. ಅದು ಅಗ್ಗ, ಸುರಕ್ಷಿತ. ಆದರೂ ಎಷ್ಟೋ ಮಕ್ಕಳ ಬಾಯಿಗೆ ಅದು ತಲುಪುತ್ತಿಲ್ಲ ಅನ್ನುವುದು ನನಗೆ ತೀರಾ ಸಂಕಟದ ಸಂಗತಿ.

ಏಕೆ ತಲುಪುತ್ತಿಲ್ಲ? ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ನಡೆದು, 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಹುಡುಕಿತು. ತರಬೇತಿ ಪಡೆದ ನಟರು ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ವೈದ್ಯರು ಮತ್ತು ಔಷಧಿ ಅಂಗಡಿಗಳ ಬಳಿ ಹೋಗಿ, ಮನೆಯಲ್ಲಿ ಪುಟ್ಟ ಮಗುವಿಗೆ ಭೇದಿ ಎಂದು ಹೇಳಿದರು. ಓಆರ್‌ಎಸ್ ಬರೆದುಕೊಡದಿರಲು ದಾಸ್ತಾನಿನ ಕೊರತೆಯಾಗಲಿ, ಬೇರೆ ಔಷಧಿಯಿಂದ ಸಿಗುವ ಲಾಭವಾಗಲಿ ದೊಡ್ಡ ಕಾರಣವಾಗಿರಲಿಲ್ಲ. 'ಮನೆಯವರಿಗೆ ಓಆರ್‌ಎಸ್ ಬೇಡ' ಎಂಬ ವೈದ್ಯರ, ಅಂಗಡಿಯವರ ತಪ್ಪು ಊಹೆಯೊಂದೇ ಹೀಗೆ ಬರೆದುಕೊಡದಿರುವುದರ ಶೇ. 42ರಷ್ಟಕ್ಕೆ ಕಾರಣ ಎಂದು ಲೆಕ್ಕ ಸಿಕ್ಕಿತು. ಓಆರ್‌ಎಸ್ ಬೇಕು ಎಂಬ ಇಂಗಿತ ಕೊಟ್ಟಾಗ ಅದನ್ನು ಬರೆದುಕೊಟ್ಟವರ ಪ್ರಮಾಣ 27 ಶೇಕಡಾ ಅಂಶದಷ್ಟು ಏರಿತು. ಆದ್ದರಿಂದ ಬಾಯಿಬಿಟ್ಟು ಕೇಳಿ: 'ಓಆರ್‌ಎಸ್ ಮತ್ತು ಜಿಂಕ್ ಬರೆದುಕೊಡಿ.'

ಕೇಳುವ ಧೈರ್ಯ ಬರಬೇಕಾದರೆ ಅದು ಕೆಲಸ ಮಾಡುವ ಬಗೆ ಗೊತ್ತಿರಬೇಕು. ಸಣ್ಣಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೆಳೆದುಕೊಳ್ಳುವ ಒಂದು ಪ್ರೋಟೀನ್ ಇದೆ. ಕಾಲರಾದಂಥ ಕಾಲರಾ ಬಂದಾಗಲೂ ಅದು ಕೆಲಸ ನಿಲ್ಲಿಸುವುದಿಲ್ಲ. ಅವೆರಡೂ ಒಳಹೋದರೆ ನೀರು ಹಿಂದೆಯೇ ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ದ್ರವ ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಅವರ ತಂಡ ಇಂಥದೇ ಲವಣ-ಗ್ಲೂಕೋಸ್ ದ್ರಾವಣವನ್ನು ಕಲಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿತು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು.

ಈಗಿನ ಸೂತ್ರದಲ್ಲಿ ಒಂದು ಲೀಟರ್‌ಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರುತ್ತದೆ, ಒಟ್ಟು 20.5 ಗ್ರಾಂ. ಪೊಟ್ಟಣದ ಹಿಂಬದಿಯಲ್ಲಿ ಈ ಅಂಕಿಗಳನ್ನು ಹುಡುಕಿ. ತಂಪು ಪಾನೀಯ, ಹಣ್ಣಿನ ರಸದ ಪ್ಯಾಕೆಟ್‌ಗಳು ಇದಕ್ಕೆ ಬದಲಿಯಲ್ಲ: ಅವುಗಳಲ್ಲಿ ಸಕ್ಕರೆ ವಿಪರೀತ, ಸೋಡಿಯಂ ಅತ್ಯಲ್ಪ. ಹೆಚ್ಚಿನ ಸಕ್ಕರೆ ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಜೋರು ಮಾಡುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಕಲಸುವಾಗ. ದೊಡ್ಡ ಪೊಟ್ಟಣ ಒಂದು ಲೀಟರ್‌ಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು. ನೀರು ಹೆಚ್ಚಾದರೆ ಬೇಕಾದಷ್ಟು ಉಪ್ಪು ಸಿಗುವುದಿಲ್ಲ. ಅರ್ಧ ಪೊಟ್ಟಣವನ್ನು ಕಣ್ಣಂದಾಜಿನಲ್ಲಿ ಹಾಕುವುದಂತೂ ಬೇಡವೇ ಬೇಡ, ಪುಡಿಯಲ್ಲಿರುವ ಲವಣಗಳು ಸಮನಾಗಿ ಹಂಚಿಹೋಗಿರುವುದಿಲ್ಲ. ನೀರನ್ನು ಮೊದಲೇ ಕುದಿಸಿ ಆರಿಸಿಕೊಳ್ಳಿ, ಕಲಸಿದ ಮೇಲೆ ಕುದಿಸಬೇಡಿ. ಹಾಲು, ಸಕ್ಕರೆ ಏನನ್ನೂ ಬೆರೆಸಬೇಡಿ. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗುವವರೆಗೆ ಮಾತ್ರ, ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಅಂಚಿಗೆ ಸಮ ಮಾಡಿ ಹಾಕಿ. ಕುಡಿಸುವ ಮುಂಚೆ ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಕಲಸಿ.

ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಮತ್ತೆ ಶುರುಮಾಡಿ. ಕಣ್ಣು ಗುಳಿಬಿದ್ದು, ಮಗು ಕಿರಿಕಿರಿ ಮಾಡುತ್ತ ಆತುರದಿಂದ ನೀರು ಕುಡಿಯುತ್ತಿದ್ದರೆ ನಿರ್ಜಲೀಕರಣ ಶುರುವಾಗಿದೆ ಎಂದರ್ಥ. ಆಗ ಆರೋಗ್ಯ ಕೇಂದ್ರದಲ್ಲಿ, ಸಿಬ್ಬಂದಿಯ ಕಣ್ಣೆದುರು, ಕೆ.ಜಿ. ತೂಕಕ್ಕೆ 75 ಮಿ.ಲೀ.ನಂತೆ ನಾಲ್ಕು ಗಂಟೆಯಲ್ಲಿ ಕುಡಿಸಬೇಕು. ಎಂಟು ಕೆ.ಜಿ. ಮಗುವಿಗೆ ಅದು 600 ಮಿ.ಲೀ.: ಐದು ಮಿ.ಲೀ.ನ ಚಮಚದಲ್ಲಿ 120 ಚಮಚ, ಅಂದರೆ ಎರಡು ನಿಮಿಷಕ್ಕೊಂದು. ತಾಳ್ಮೆಯಿಂದ ಕೂತು ಕುಡಿಸುವ ಕೈ ಬೇಕು. ಅದಕ್ಕೇ ತಾಯಿಯೊಬ್ಬಳ ಮೇಲೆ ಬಿಡದೆ ಮನೆಯವರೆಲ್ಲ ಸರದಿಯಲ್ಲಿ ಕೂರಬೇಕು.

ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ, ಈ ಮಾತನ್ನು ಪೊಟ್ಟಣ ಕೊಡುವಾಗಲೇ ಹೇಳಬೇಕು. 'ಕುಡಿಸಿದರೂ ಹೋಗುತ್ತಲೇ ಇದೆ' ಎಂದು ಮೊದಲ ದಿನವೇ ಕೈಬಿಡುವವರು ಬಹಳ. ಭೇದಿ ಕೆಲವು ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಮಗು ಒಣಗದಂತೆ ಕಾಯುವುದು ಓಆರ್‌ಎಸ್‌ನ ಕೆಲಸ. ಎದೆಹಾಲು, ಊಟ ನಿಲ್ಲಿಸಬೇಡಿ. ಜಿಂಕ್ ದಿನಕ್ಕೆ 20 ಮಿ.ಗ್ರಾಂ, ಆರು ತಿಂಗಳೊಳಗಿನ ಮಗುವಿಗೆ 10 ಮಿ.ಗ್ರಾಂ, 10ರಿಂದ 14 ದಿನ. ಭೇದಿ ಮೂರನೇ ದಿನಕ್ಕೆ ನಿಂತರೂ ಪೂರ್ತಿ ಮುಗಿಸಿ, ಮುಂದಿನ ಎರಡು-ಮೂರು ತಿಂಗಳು ಮತ್ತೆ ಭೇದಿಯಾಗುವ ಸಂಭವವನ್ನು ಅದು ತಗ್ಗಿಸುತ್ತದೆ. ರಕ್ತಭೇದಿ ಅಥವಾ ಕಾಲರಾದ ಅನುಮಾನವಿಲ್ಲದೆ ಬರೀ ಭೇದಿಗೆ ಆ್ಯಂಟಿಬಯಾಟಿಕ್ ಬೇಕಿಲ್ಲ. ಭೇದಿ ಕಟ್ಟುವ ಮಾತ್ರೆ ಪುಟ್ಟ ಮಕ್ಕಳಿಗೆ ಬೇಡ.

ಮಗು ಮಂಕಾಗಿ ಏಳದಿದ್ದರೆ, ಕುಡಿಯಲಾಗದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಎರಡು ಸೆಕೆಂಡಿಗಿಂತ ಹೆಚ್ಚು ನಿಂತರೆ ಡ್ರಿಪ್ ಬೇಕಾದ ಹಂತ. ತಕ್ಷಣ ಆಸ್ಪತ್ರೆಗೆ ಹೊರಡಿ. ಎಲ್ಲ ತಯಾರಿಯಾಗಲಿ ಎಂದು ಕಾಯಬೇಡಿ. ಮಗುವಿಗೆ ಎಚ್ಚರವಿದ್ದು ನುಂಗಲಾಗುತ್ತಿದ್ದರೆ ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ.