ಬದುಕಿರುವ ಮೀನಿನ ಬಣ್ಣ

ನನ್ನ ತವರು ಮಲ್ಪೆ ಬಂದರಿನಿಂದ ಕೂಗಳತೆಯ ದೂರ. ಅಪ್ಪ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೋಟಿಗೆ ಹೋದವರು. ಅಜ್ಜಿ ಬುಟ್ಟಿ ಹೊತ್ತು ಉಡುಪಿಯ ಬೀದಿಗಳಲ್ಲಿ ಮೀನು ಮಾರಿದವರು. ಇಂಥ ಮನೆಯಲ್ಲಿ ಹುಟ್ಟಿಯೂ ನಾನು ಮೀನು ಹಿಡಿಯುವ ದೋಣಿಗೆ ಮೊದಲ ಬಾರಿ ಕಾಲಿಟ್ಟದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಅದೂ ನ್ಯೂಜಿಲೆಂಡಿಗೆ ಬಂದ ಮೇಲೆ.

ನಮ್ಮಲ್ಲಿ ಕಡಲು ಗಂಡಸರ ಪಾಲು, ದಡ ಹೆಂಗಸರ ಪಾಲು. ಬೋಟು ಧಕ್ಕೆಗೆ ತಾಗಿದ ಮೇಲೆ ನಮ್ಮ ಕೆಲಸ ಶುರು: ಏಲಂ, ಮಂಜುಗಡ್ಡೆ, ಬುಟ್ಟಿ, ಗಿರಾಕಿ, ಚೌಕಾಸಿ, ಉಳಿದದ್ದಕ್ಕೆ ಉಪ್ಪು. ಕಿವಿರು ಎತ್ತಿ ನೋಡಿದರೆ ಸಾಕು, ಮೀನು ಇವತ್ತಿನದೋ ಮೊನ್ನೆಯದೋ ಎಂದು ಅಜ್ಜಿ ಹೇಳಿಬಿಡುತ್ತಿದ್ದರು. ಆ ಕಣ್ಣು ನನಗೂ ಬಂದಿದೆ. ಆದರೆ ನಾವು ಹೆಂಗಸರು ಬಲ್ಲದ್ದೆಲ್ಲ ಉಸಿರು ನಿಂತ ಮೇಲಿನ ಮೀನು. ಅದಕ್ಕೆ ಹಿಂದೆ ಏನಿತ್ತು ಎಂಬುದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆಕ್ಲೆಂಡಿನಲ್ಲಿ ಕಾರಿನ ಪಕ್ಕ ಅಂಗಳದಲ್ಲೇ ದೋಣಿ ನಿಲ್ಲಿಸಿಕೊಂಡ ಮನೆಗಳು ಬೇಕಾದಷ್ಟಿವೆ. ರಜೆಯ ದಿನ ಟ್ರೇಲರ್ ಕಾರಿಗೆ ಸಿಕ್ಕಿಸಿ ನೀರಿಗಿಳಿಸುತ್ತಾರೆ, ಸಂಜೆ ಮತ್ತೆ ಎಳೆದು ತರುತ್ತಾರೆ. ನಾವೂ ಐದೂವರೆ ಮೀಟರಿನ ಒಂದು ಹಳೆಯ ಅಲ್ಯುಮಿನಿಯಂ ದೋಣಿ ಕೊಂಡೆವು. ಓಡಿಸುವವರು ನನ್ನ ಯಜಮಾನರು. ಅವರ ಊರು ತುಮಕೂರಿನ ಕಡೆ. ಕೆರೆ ಏರಿಯ ಮೇಲೆ ಬೆಳೆದವರು, ಇಲ್ಲಿಗೆ ಬಂದು ತರಗತಿಗೆ ಹೋಗಿ, ಪರೀಕ್ಷೆ ಬರೆದು, ಅಲೆಗಳ ಲೆಕ್ಕ ಕಲಿತರು.

ಕಿಂಗ್‌ಫಿಶ್ ಎಂಬ ಹೆಸರಿನ ಬಗ್ಗೆ ಮೊದಲೇ ಹೇಳಿಬಿಡಬೇಕು. ಮಂಗಳೂರಿನ ಹೋಟೆಲಿನಲ್ಲಿ ಹಾಗೆ ಬರೆದಿದ್ದರೆ ಅದು ಅಂಜಲ್, ಕೊಂಕಣಿಯವರ ಇಸ್ವಾಣ್: ಬಂಗುಡೆಯ ಬಳಗದ್ದು, ಮೈಮೇಲೆ ಅಡ್ಡ ಪಟ್ಟೆ, ಬಾಯಲ್ಲಿ ದಾರ ಕತ್ತರಿಸುವಷ್ಟು ಚೂಪಾದ ಹಲ್ಲು. ನ್ಯೂಜಿಲೆಂಡಿನ ಕಿಂಗ್‌ಫಿಶ್ ಬೇರೆಯೇ ಕುಲ. ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಭಾಷೆಯಲ್ಲಿ ಇದರ ಹೆಸರು ‘ಹಾಕು’. ಬಾಲ ಹಳದಿ, ಮೂತಿಯಿಂದ ಬಾಲದವರೆಗೆ ಹೊಂಬಣ್ಣದ ಒಂದೇ ಗೆರೆ. ದಾರ ಕಡಿಯುವ ಹಲ್ಲು ಇದಕ್ಕಿಲ್ಲ. ಬದಲಿಗೆ, ಗಾಳ ತಾಗಿದ ಕ್ಷಣವೇ ತಳದ ಬಂಡೆಗೆ ನುಗ್ಗಿ ದಾರವನ್ನು ಕಲ್ಲಿಗೆ ತೇಯುತ್ತದೆ. ಮೊದಲ ವರ್ಷ ಇಲ್ಲಿನ ಮೀನಿನಂಗಡಿಯಲ್ಲಿ ಹೆಸರು ಓದಿ ಅಂಜಲ್ ಎಂದೇ ಹಿಗ್ಗಿ ಹೋಗಿ, ಗಾಜಿನ ಹಿಂದಿನ ಆ ಅಪರಿಚಿತ ಮೀನನ್ನು ನೋಡಿ ಸುಮ್ಮನೆ ನಿಂತಿದ್ದೆ.

ಈ ಜನವರಿಯ ಒಂದು ಶನಿವಾರ ಐದು ಗಂಟೆಗೆ ಎದ್ದು ಆಕ್ಲೆಂಡಿನ ಉತ್ತರದ ಫಂಗಪರಾವೋವಾ ಕಡೆಯಿಂದ ನಾಲ್ವರೂ ಹೊರಟೆವು. ಆರು ಮೀಟರಿಗಿಂತ ಚಿಕ್ಕ ದೋಣಿಯಲ್ಲಿ ಮಕ್ಕಳು, ದೊಡ್ಡವರು ಎಲ್ಲರೂ ಲೈಫ್ ಜಾಕೆಟ್ ತೊಟ್ಟಿರಬೇಕೆಂಬುದು ಆಕ್ಲೆಂಡಿನ ನಿಯಮ. ದೋಣಿ ನೀರಿಗಿಳಿದ ಕೂಡಲೇ ಯಜಮಾನರು ರೇಡಿಯೋದಲ್ಲಿ ಕೋಸ್ಟ್‌ಗಾರ್ಡಿನ ಸ್ವಯಂಸೇವಕರಿಗೆ ಹೇಳಿದರು: ನಾಲ್ಕು ಜನ ಇದ್ದೇವೆ, ಇಂಥ ಕಡೆ ಹೋಗುತ್ತೇವೆ, ಎರಡು ಗಂಟೆಗೆ ಮರಳುತ್ತೇವೆ. ಆ ಕಡೆಯ ಧ್ವನಿ ಅದನ್ನು ಬರೆದುಕೊಂಡು ಶುಭ ಹಾರೈಸಿತು. ಪ್ರತಿ ಸಲ ಈ ಮಾತು ಕೇಳುವಾಗ ನನಗೆ ಎದೆ ತುಂಬಿ ಬರುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯನ್ನು ಹೊತ್ತು ಮರಳದೇ ಹೋದದ್ದನ್ನು ನಮ್ಮ ಕೇರಿ ಮರೆತಿಲ್ಲ. ಅಪ್ಪನ ಕಾಲದಲ್ಲಿ ಎಲ್ಲಿಗೆ, ಯಾವಾಗ ವಾಪಸು ಎಂದು ಬರೆದಿಟ್ಟುಕೊಳ್ಳುತ್ತಿದ್ದವಳು ಅಮ್ಮ ಒಬ್ಬಳೇ, ಅದೂ ಮನಸ್ಸಿನಲ್ಲಿ.

ಮೊದಲು ಜೀವಂತ ಎರೆ ಹಿಡಿಯಬೇಕು. ಸಣ್ಣ ಗಾಳಗಳ ಸಾಲು ಇಳಿಸಿ ಮಗ ಹತ್ತು ನಿಮಿಷದಲ್ಲಿ ಆರು ಜ್ಯಾಕ್ ಮ್ಯಾಕರೆಲ್ ಎತ್ತಿದ. ದೂರದಿಂದ ನೋಡಿದರೆ ಬಂಗುಡೆಯೇ. ಅವನ್ನು ಬಕೆಟ್ಟಿನ ನೀರಿನಲ್ಲಿ ಬಿಟ್ಟುಕೊಂಡು ಹೌರಾಕಿ ಕೊಲ್ಲಿಯ ಹೊರಬದಿಗೆ ಹೋದೆವು. ಈಶಾನ್ಯಕ್ಕೆ ಲಿಟಲ್ ಬ್ಯಾರಿಯರ್ ದ್ವೀಪ ಮೋಡದ ಟೋಪಿ ಹಾಕಿ ಕುಳಿತಿತ್ತು. ಗ್ಯಾನೆಟ್ ಹಕ್ಕಿಗಳು ರೆಕ್ಕೆ ಮಡಚಿ ಈಟಿಯ ಹಾಗೆ ನೀರಿಗೆ ಬೀಳುತ್ತಿದ್ದವು. ನಮ್ಮ ಬಂಡೆ ಎಲ್ಲಿದೆ ಎಂದು ಬರೆಯುವುದಿಲ್ಲ. ಅಪ್ಪನೂ ತನ್ನ ಜಾಗಗಳನ್ನು ಯಾರಿಗೂ ಹೇಳಿದವರಲ್ಲ. ಆಳ ತೋರಿಸುವ ಪರದೆಯಲ್ಲಿ ನೆಲ 42 ಮೀಟರಿನಿಂದ 30ಕ್ಕೆ ಎದ್ದು ಬಂತು, ಬಂಡೆಯ ನೆತ್ತಿಯ ಮೇಲೆ ದಪ್ಪ ಕಮಾನುಗಳಂತೆ ಮೀನಿನ ಗುರುತು ಮೂಡಿತು.

ಮೊದಲು ತಾಗಿದ್ದು ಹನ್ನೆರಡರ ಮಗಳ ಗಾಳಕ್ಕೆ. ಸೊಂಟಪಟ್ಟಿಗೆ ಕೋಲಿನ ಬುಡ ಊರಿ, ಹಲ್ಲು ಕಚ್ಚಿ ಅವಳು ಹತ್ತು ನಿಮಿಷ ಎಳೆದಾಡಿದಳು. ಬಂಡೆಯಿಂದ ಮೀನನ್ನು ದೂರ ಸೆಳೆಯಲು ಯಜಮಾನರು ದೋಣಿಯನ್ನು ಮೆಲ್ಲಗೆ ಆಚೆ ನಡೆಸಿದರು. ಬಲೆಗೆ ಬಂದ ಮೀನನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿ ಅಳತೆಪಟ್ಟಿ ಹಿಡಿದರು. ಮೂತಿಯಿಂದ ಬಾಲ ಕವಲೊಡೆಯುವ ಜಾಗದವರೆಗೆ 75 ಸೆಂಟಿಮೀಟರ್ ಇರಲೇಬೇಕು. ಇದ್ದದ್ದು 72.

“ಬಿಡಬೇಕು ಅಮ್ಮ,” ಎಂದಳು ಮಗಳು, ನಾನು ಬಾಯಿ ತೆರೆಯುವ ಮೊದಲೇ.

ಮೀನು ಮಾರಿ ಮಕ್ಕಳನ್ನು ಸಾಕಿದವರ ಮೊಮ್ಮಗಳು ನಾನು. ಕೈಗೆ ಬಂದ ಮೀನನ್ನು ನೀರಿಗೆ ಬಿಡುವುದು ಸುಲಭವಾಗಲಿಲ್ಲ. ಆದರೆ ಬೆರಳುದ್ದದ ಮರಿಗಳು ಲಾರಿಗಟ್ಟಲೆ ಫಿಶ್‌ಮೀಲ್ ಕಾರ್ಖಾನೆಗೆ ಹೋಗುವುದನ್ನೂ ಕಂಡವಳು. ಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ ಎಂದು ಅಪ್ಪ ಊಟದ ಎದುರು ಕೂತು ನಿಟ್ಟುಸಿರು ಬಿಟ್ಟದ್ದೂ ನೆನಪಿದೆ. ಮಗಳು ಬಾಲದ ಬುಡ ಹಿಡಿದು, ಕಿವಿರಿಗೆ ನೀರು ನುಗ್ಗುವಂತೆ ಮೀನನ್ನು ತಲೆಕೆಳಗಾಗಿ ನೇರ ನೀರಿಗೆ ಬಿಟ್ಟಳು. ಬಾಲ ಎರಡು ಸಲ ಬಡಿದು ಅದು ಹೋಯಿತು. ಅವಳು ಕೈ ತೊಳೆಯದೆ ಸ್ವಲ್ಪ ಹೊತ್ತು ಅಲ್ಲೇ ಬಾಗಿ ನೋಡುತ್ತಿದ್ದಳು.

ಮುಂದಿನದು ನನ್ನದು. ಕೋಲು ನೀರಿನವರೆಗೆ ಬಾಗಿತು. ರೀಲು ಕಿರುಚುತ್ತಾ ದಾರ ಬಿಟ್ಟಿತು. ಇಷ್ಟು ವರ್ಷ ನಾನು ತೂಗಿದ, ಕೊಯ್ದ, ಹುರಿದ ಮೀನುಗಳಲ್ಲಿ ಇಂಥ ಬಲ ಇತ್ತೆಂದು ನನಗೆ ತಿಳಿದಿರಲಿಲ್ಲ. ಎರಡು ಸಲ ಹತ್ತಿರ ಬಂದು ಎರಡು ಸಲವೂ ತಳಕ್ಕಿಳಿಯಿತು. ತೋಳು ನಡುಗುತ್ತಿತ್ತು. “ಬಿಡಬೇಡಿ ಅಮ್ಮ, ಬಿಡಬೇಡಿ,” ಎಂದು ಮಗ ಬೆನ್ನ ಹಿಂದೆ ಕುಣಿಯುತ್ತಿದ್ದ.

ಆಮೇಲೆ ಅದು ಕಂಡಿತು. ಆಳದ ನೀಲಿಯಲ್ಲಿ ಮೊದಲು ಒಂದು ಬೆಳಕಿನ ಚೂರು, ಅದು ಸುತ್ತು ಹಾಕುತ್ತಾ ಮೇಲೇರಿದ ಹಾಗೆ ಹಸಿರು. ಎಂಥ ಹಸಿರು! ಮಳೆ ನಿಂತ ಮರುದಿನದ ಬಾಳೆಯ ಸುಳಿಯ ಮೇಲೆ ಬಿಸಿಲು ಬಿದ್ದರೆ ಇರುತ್ತದಲ್ಲ, ಅದಕ್ಕೆ ಸ್ವಲ್ಪ ನೀಲಿ ಕಲಸಿದ ಹಾಗೆ. ಪಕ್ಕದ ಹೊಂಬಣ್ಣದ ಗೆರೆ ಈಗಷ್ಟೇ ಎಳೆದಂತಿತ್ತು. ದೋಣಿಗೆ ಬಂದಾಗ 94 ಸೆಂಟಿಮೀಟರ್, ಹತ್ತು ಕಿಲೋ ಹತ್ತಿರ. ನರಳದಂತೆ ಯಜಮಾನರು ಮಿದುಳಿಗೆ ಮೊಳೆ ಚುಚ್ಚಿ, ರಕ್ತ ಬಸಿದು, ಐಸ್ ನೀರಿಗೆ ಇಳಿಸಿದರು. ಮುಚ್ಚಳ ಹಾಕುವ ಮೊದಲು ಮತ್ತೊಮ್ಮೆ ನೋಡಿದೆ. ಹಸಿರು ಆಗಲೇ ಇಳಿದು ಬೂದಿಯಾಗುತ್ತಿತ್ತು. ನನಗೆ ಗೊತ್ತಿದ್ದ ಬಣ್ಣಕ್ಕೆ, ಅಂಗಡಿಯ ಬಣ್ಣಕ್ಕೆ, ಬಂದು ನಿಂತಿತು.

ತಲೆಗೆ ಮೂರು ಕಿಂಗ್‌ಫಿಶ್ ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ. ನಮಗೆ ಒಂದು ಸಾಕಾಗಿತ್ತು. ಹೀಗೆ ಹವ್ಯಾಸಕ್ಕೆ ಹಿಡಿದದ್ದನ್ನು ಇಲ್ಲಿ ಮಾರುವಂತಿಲ್ಲ, ಏನಕ್ಕೂ ವಿನಿಮಯ ಮಾಡುವಂತಿಲ್ಲ. ಎರಡು ಮನೆಗೆ ಹಂಚಿದೆ. ತಲೆಯನ್ನು ಯಾರಿಗೂ ಕೊಡಲಿಲ್ಲ. ಇಲ್ಲಿ ಬಹಳ ಮಂದಿ ಎರಡು ಬದಿಯ ಮಾಂಸ ತೆಗೆದು ತಲೆ, ಮುಳ್ಳು ಎಸೆಯುತ್ತಾರೆ. ಅದು ವ್ಯರ್ಥವಾಗಬಾರದೆಂದು ಅವನ್ನು ಸಂಗ್ರಹಿಸಿ ಮಾಂಗೆರೆಯ ಮರಾಯೆ, ಅಂದರೆ ಮಾವೊರಿ ಸಮುದಾಯದ ಅಂಗಳದಿಂದ, ಬೇಕಾದ ಮನೆಗಳಿಗೆ ಹಂಚುವ ‘ಕಾಯ್ ಇಕಾ’ ಎಂಬ ಯೋಜನೆ ಆಕ್ಲೆಂಡಿನಲ್ಲಿದೆ. ತಲೆಯ ರುಚಿ ಬಲ್ಲವರು ನಮ್ಮ ಹಾಗೆ ಇಲ್ಲೂ ಇದ್ದಾರೆ ಎಂದು ತಿಳಿದ ದಿನ ಈ ಊರು ನನಗೆ ಒಂದಿಷ್ಟು ಹತ್ತಿರವಾಯಿತು. ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗು, ಹುಳಿ ಹಾಕಿ ನುಣ್ಣಗೆ ಅರೆದು ತಲೆಯ ಸಾರು ಮಾಡಿದೆ. ಮಾಂಸ ಅಂಜಲಿಗಿಂತ ಬಿಗಿ. ಒಲೆಯ ಮೇಲೆ ಎರಡು ನಿಮಿಷ ಹೆಚ್ಚಾದರೂ ಒಣಗುತ್ತದೆ.

ರಾತ್ರಿ ಎಂಟೂವರೆಗೆ ಊರಿಗೆ ವಿಡಿಯೊ ಕರೆ ಮಾಡಿದೆ. ಅಲ್ಲಿ ಮಧ್ಯಾಹ್ನ ಒಂದು ಗಂಟೆ. ಅಮ್ಮ ಎಂದಿನಂತೆ ಮಕ್ಕಳನ್ನು ಕರೆದುಕೊಂಡು ಹೋದದ್ದಕ್ಕೆ ಬೈದರು. ನಾನು ಅಪ್ಪನಿಗೆ ಕೊಡಲು ಹೇಳಿದೆ.

“ಅಪ್ಪ, ಅಂಜಲ್ ಬದುಕಿರುವಾಗ ಯಾವ ಬಣ್ಣ?”

ಅವರು ಒಡನೆ ಉತ್ತರಿಸಲಿಲ್ಲ. ಕರೆ ಕಡಿದುಹೋಯಿತೆಂದುಕೊಂಡೆ. “ಬೆನ್ನು ನೀಲಿ,” ಎಂದರು ಕೊನೆಗೆ. “ಬರೀ ನೀಲಿಯಲ್ಲ, ಹೊರಳಿದರೆ ಹಸಿರೂ ಕಾಣುತ್ತದೆ. ಪಕ್ಕ ಬೆಳ್ಳಿ. ಬೋಟಿಗೆ ಬಿದ್ದ ಮೇಲೆ ಸ್ವಲ್ಪ ಹೊತ್ತು, ಅಷ್ಟೇ.” ಕಡಲಿನ ಬಗ್ಗೆ ಅವರು ನನ್ನೊಡನೆ ಇಷ್ಟು ಮಾತಾಡಿದ್ದು ಅದೇ ಮೊದಲು.

ಆಮೇಲೆ ಮುಖವನ್ನು ಮೊಬೈಲಿಗೆ ಹತ್ತಿರ ತಂದು ಕೇಳಿದರು: “ನೀನು ಹಿಡಿದ ಜಾಗದಲ್ಲಿ ಎಷ್ಟು ಮಾರು ನೀರು?”

ಮೀಟರನ್ನು ಮಾರಿಗೆ ತಿರುಗಿಸಿ ಹೇಳಿದೆ: “ಹದಿನಾರು.”

“ತಳ ಕಲ್ಲೋ, ಕೆಸರೋ?” ಎಂದರು ಅಪ್ಪ.