ಜ್ಯೂರಿ ಕೊಡದ ಆದೇಶ: ತಪ್ಪೋ, ಅಧಿಕಾರ ಮೀರಿದ್ದೋ?

ಬೆಂಗಳೂರಿನಲ್ಲಿ ಕೂತು ಕ್ಯಾಲಿಫೋರ್ನಿಯಾದ ವಕೀಲರಿಗೆ ಸಿವಿಲ್ ವ್ಯಾಜ್ಯಗಳ ರಿಸರ್ಚ್ ಮೆಮೊ ಬರೆಯುವುದು ನನ್ನ ಕೆಲಸ. ಕಕ್ಷಿದಾರ ಜ್ಯೂರಿ (ಜಡ್ಜ್ ಬದಲು ಕೇಸಿನ ಸತ್ಯಾಸತ್ಯ ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡ) ಕೇಳಿದ್ದ, ಜಡ್ಜ್ ಕೊಡಲಿಲ್ಲ, ಈಗೇನು ದಾರಿ ಎಂಬ ಪ್ರಶ್ನೆ ನಮಗೆ ಆಗಾಗ ಬರುತ್ತದೆ. ಹೊಸದಾಗಿ ಸೇರಿದವರು ಅದಕ್ಕೆ ಹೀಗೆ ಬರೆದು ತರುತ್ತಾರೆ: "ಜ್ಯೂರಿ ನಿರಾಕರಣೆ ಅಧಿಕಾರ ವ್ಯಾಪ್ತಿ ಮೀರಿದ ಕ್ರಮ, ಆದ್ದರಿಂದ ತೀರ್ಪು ಅನೂರ್ಜಿತ." ಮೊದಲರ್ಧ ಅಲ್ಲಿನ ಅಪೀಲು ಕೋರ್ಟುಗಳೇ ಹೇಳಿದ್ದು. ಉಳಿದರ್ಧ ನಮ್ಮ ಲಾ ಕಾಲೇಜಿನಿಂದ ಬಂದದ್ದು. ನಮ್ಮ ಸುಪ್ರೀಂ ಕೋರ್ಟಿನ ಕಿರಣ್ ಸಿಂಗ್ ವಿರುದ್ಧ ಚಮನ್ ಪಾಸ್ವಾನ್ ತೀರ್ಪು (1954) ಓದಿದವರ ತಲೆಯಲ್ಲಿ, ಅಧಿಕಾರವಿಲ್ಲದ ಕೋರ್ಟಿನ ಡಿಕ್ರಿಯನ್ನು ಅಮಲ್ಜಾರಿ (ಡಿಕ್ರಿಯನ್ನು ಜಾರಿಗೆ ತರುವ) ಹಂತದಲ್ಲೂ ಪ್ರಶ್ನಿಸಬಹುದು ಎಂಬ ಮಾತು ಗಟ್ಟಿಯಾಗಿ ಕೂತಿರುತ್ತದೆ.

ಆ ಮಾತು ಅಲ್ಲಿನ ಜ್ಯೂರಿ ನಿರಾಕರಣೆಗೆ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದ 1941ರ ಅಬೆಲೇರಾ ತೀರ್ಪು ಎರಡು ಬಗೆ ಮಾಡಿತು. ವಿಷಯದ ಮೇಲಾಗಲಿ ಕಕ್ಷಿದಾರರ ಮೇಲಾಗಲಿ ಅಧಿಕಾರವೇ ಇಲ್ಲದಿರುವುದು ಒಂದು. ಅಧಿಕಾರವಿದ್ದೂ ಕಾನೂನು ಎಳೆದ ಗೆರೆ ದಾಟುವುದು ಇನ್ನೊಂದು. ಜ್ಯೂರಿ ನಿರಾಕರಣೆ ಈ ಎರಡನೆಯದಕ್ಕೆ ಸೇರುತ್ತದೆ. ಅಂಥ ತೀರ್ಪು ತಾನಾಗಿ ಬಿದ್ದುಹೋಗುವುದಿಲ್ಲ, ಹೊತ್ತಿಗೆ ಸರಿಯಾಗಿ ಪ್ರಶ್ನಿಸಿ ಬೀಳಿಸಬೇಕು. ಆಕ್ಷೇಪ ಎತ್ತದೆ ಜಡ್ಜ್ ಒಬ್ಬರ ಮುಂದೆಯೇ ಕೇಸು ನಡೆಸಿ, ಸೋತ ಮೇಲೆ ಜ್ಯೂರಿ ಬೇಕಿತ್ತು ಅಂದರೆ ಮೇಲಿನ ಕೋರ್ಟು ಒಪ್ಪುವುದಿಲ್ಲ.

ಹಾಗಾದರೆ "ಅಧಿಕಾರ ಮೀರಿದ್ದು" ಅನ್ನುವುದರಿಂದ ಏನು ಸಿಗುತ್ತದೆ? ವಿಚಾರಣೆಗೆ ಮೊದಲೇ ರಿಟ್, ಅಂದರೆ ಕೆಳಗಿನ ಕೋರ್ಟಿಗೆ ಮೇಲಿನ ಕೋರ್ಟು ಕೊಡುವ ಆದೇಶ, ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ಚರ್ಚೆಯ ಜೀವ ಇರುವುದು ಇಲ್ಲೇ. ಜಡ್ಜ್ ಮಾಡಿದ ಮಾಮೂಲಿ ತಪ್ಪಿಗೆ ತೀರ್ಪು ಬರುವವರೆಗೆ ಕಾದು ಅಪೀಲು ಹೋಗಬೇಕು. ಜ್ಯೂರಿಯ ವಿಷಯದಲ್ಲಿ ಅಷ್ಟು ಕಾಯಬೇಕಿಲ್ಲ. ಫೆಡರಲ್ ಕೋರ್ಟುಗಳ ಬೀಕನ್ ಥಿಯೇಟರ್ಸ್ (1959), ಡೇರಿ ಕ್ವೀನ್ (1962) ಎಂಬ ಜ್ಯೂರಿ ಹಕ್ಕಿನ ಪ್ರಕರಣಗಳು ಮ್ಯಾಂಡಮಸ್ ಎಂಬ ರಿಟ್ ಮೂಲಕವೇ ಅಮೆರಿಕದ ಸುಪ್ರೀಂ ಕೋರ್ಟ್ ತಲುಪಿದವು. ವ್ಯಾಜ್ಯ ಹುಟ್ಟುವ ಮೊದಲೇ ಕರಾರಿನಲ್ಲಿ ಜ್ಯೂರಿ ಬಿಟ್ಟುಕೊಡಿಸುವ ಷರತ್ತು ನಿಲ್ಲುವುದಿಲ್ಲ ಎಂದ ಕ್ಯಾಲಿಫೋರ್ನಿಯಾದ ಗ್ರಾಫ್ಟನ್ ತೀರ್ಪೂ (2005) ರಿಟ್ ಅರ್ಜಿಯ ಫಲ.

2024ರ ಟ್ರೈಕೋಸ್ಟ್ ತೀರ್ಪಿನ ನಂತರವಂತೂ ಈ ಹೊತ್ತುಗೊತ್ತು ಇನ್ನೂ ಮುಖ್ಯವಾಗಿದೆ. ಜ್ಯೂರಿ ಹಕ್ಕು ಅಲ್ಲಿನ ರಾಜ್ಯ ಸಂವಿಧಾನದಲ್ಲೇ ಇದೆ. ಆದರೂ 150 ಡಾಲರ್ ಶುಲ್ಕವನ್ನು ಸಮಯಕ್ಕೆ ಕಟ್ಟದಿದ್ದರೆ ಹಕ್ಕು ಬಿಟ್ಟುಕೊಟ್ಟಂತೆ. ಆಮೇಲೂ ಜ್ಯೂರಿ ಕೊಡುವುದು ಜಡ್ಜ್ ವಿವೇಚನೆಗೆ ಬಿಟ್ಟದ್ದು. ಆ ವಿವೇಚನೆ ತಪ್ಪಾಗಿತ್ತು ಎಂದು ತೀರ್ಪಿನ ನಂತರ ಅಪೀಲು ಹೋದವರು, ಅದರಿಂದ ತಮಗೆ ನಿಜಕ್ಕೂ ಹಾನಿಯಾಯಿತೆಂದು ತೋರಿಸಬೇಕು ಎಂದಿತು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್. ಜಡ್ಜ್ ಬದಲು ಹನ್ನೆರಡು ಜನ ಕೂತಿದ್ದರೆ ಫಲ ಬೇರೆಯಾಗುತ್ತಿತ್ತು ಎಂದು ಯಾರು ಹೇಗೆ ತೋರಿಸಿಯಾರು? ನನಗೆ ಇದು ಬಹಳ ಕಠಿಣ ಅನಿಸುತ್ತದೆ. ಹಕ್ಕು ಬಿಟ್ಟುಕೊಡದವನಿಗೇ ಜ್ಯೂರಿ ನಿರಾಕರಿಸಿದ್ದರೆ ಈ ಹೊರೆ ಇಲ್ಲ, ತೀರ್ಪು ರದ್ದಾಗುತ್ತದೆ.

ಆದ್ದರಿಂದ ಫೈಲ್ ಬಂದಾಗ ತೀರ್ಪುಗಳನ್ನು ಹುಡುಕುವ ಮೊದಲು ಶುಲ್ಕದ ರಸೀದಿ ತೆಗೆಸುತ್ತೇನೆ. ಆಮೇಲೆ ಕೇಳಿರುವ ಪರಿಹಾರ ಎಂಥದ್ದೆಂದು ನೋಡುತ್ತೇನೆ, ಏಕೆಂದರೆ ಈಕ್ವಿಟಿಗೆ (ಹಣದ ಪರಿಹಾರವಲ್ಲದ, ತಡೆಯಾಜ್ಞೆಯಂಥದ್ದಕ್ಕೆ) ಸೇರಿದ್ದಾದರೆ ಜ್ಯೂರಿಯ ಹಕ್ಕೇ ಇಲ್ಲ. ಹಕ್ಕು ಉಳಿದಿದ್ದು ವಿಚಾರಣೆ ಹತ್ತಿರದಲ್ಲಿದ್ದರೆ, ರಿಟ್ ಅರ್ಜಿಯ ಭಾಗವನ್ನು ಅಂದೇ ಬರೆದು ಕಳಿಸುತ್ತೇನೆ, ಮಿಕ್ಕ ಮೆಮೊ ಮಾರನೆಯ ದಿನಕ್ಕೆ.