ಹಗ್ಗ ಹಿಡಿದವರು

17 ಅಕ್ಟೋಬರ್ 2019, ಗುರುವಾರ
ಫ್ಲಾರೆನ್ಸ್, ರಾತ್ರಿ 9.30

ಮಂಡಿ ನೋಯುತ್ತಿದೆ. ಇವತ್ತು ಹೋಗಿಬಂದ ಸಿಯೆನಾ ಊರು ಪೂರ್ತಿ ಏರು, ಇಲ್ಲವೇ ಇಳಿಜಾರು. ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮಗಳು ಆಗಲೇ ಮಲಗಿದಳು. ನನಗೆ ಈ ದಿನವನ್ನು ಬರೆದಿಡದೆ ನಿದ್ದೆ ಬರುವುದಿಲ್ಲ.

27 ವರ್ಷ ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿದವಳು ನಾನು. ಪಠ್ಯದಲ್ಲಿ ಯುರೋಪಿನ ಮಧ್ಯಯುಗ ಅಂದರೆ ಎರಡು ಪುಟ. ಆಮೇಲೆ ದೊರೆ ಹೇಗೆ ಆಳಬೇಕು ಎಂದು ಬರೆದ ಫ್ಲಾರೆನ್ಸಿನ ಮೆಕಿಯಾವೆಲಿ, ಅರ್ಧ ಪುಟ. ಅದನ್ನೂ ಪರೀಕ್ಷೆಗೆ ಬೇಕಾದಷ್ಟೇ ಬರೆಸುತ್ತಿದ್ದೆ. ಮಗಳು ಜರ್ಮನಿಯಿಂದ ರಜೆ ಹಾಕಿ ಬಂದು, "ಅಮ್ಮ, ಇಟಲಿಯಲ್ಲಿ ಏನು ನೋಡ್ತೀಯ?" ಎಂದು ಕೇಳಿದಾಗ ನಾನು ಹೇಳಿದ್ದು ಒಂದೇ. ಒಳ್ಳೆಯ ಆಡಳಿತ, ಕೆಟ್ಟ ಆಡಳಿತದ ಚಿತ್ರ ಇರುವ ಸಿಯೆನಾದ ಆ ಗೋಡೆ.

ಊರಿನ ಆಡಳಿತ ಭವನ ಪಲಾಝೊ ಪುಬ್ಲಿಕೊ ಚಿಪ್ಪಿನ ಆಕಾರದ ಚೌಕದ ಅಂಚಿನಲ್ಲಿದೆ. ಇಟ್ಟಿಗೆಯ ದೊಡ್ಡ ಕಟ್ಟಡ. ಅದರ ಒಳಗೆ ಒಂಬತ್ತು ಜನರ ಕೋಣೆ. 1287ರಿಂದ 1355ರವರೆಗೆ ಸಿಯೆನಾವನ್ನು ಆಳಿದ್ದು ಅರಸ ಅಲ್ಲ, ಒಂಬತ್ತು ಜನರ ಒಂದು ಕೂಟ. ಹೆಚ್ಚಿನವರು ವರ್ತಕರು, ಲೇವಾದೇವಿಯವರು. ಅವರ ಅವಧಿ ಎಷ್ಟು ಗೊತ್ತಾ? ಎರಡು ತಿಂಗಳು. ಆ ಎರಡು ತಿಂಗಳು ಮನೆ ಬಿಟ್ಟು ಇದೇ ಕಟ್ಟಡದಲ್ಲಿ ಇರಬೇಕು. ಆಮೇಲೆ ಎದ್ದು ಹೋಗಬೇಕು, ಬೇರೆ ಒಂಬತ್ತು ಜನ ಬರುತ್ತಾರೆ. ಅವರು ಕೂತು ತೀರ್ಮಾನ ಮಾಡುತ್ತಿದ್ದ ಕೋಣೆಯ ಮೂರು ಗೋಡೆಗೆ 1338–39ರಲ್ಲಿ ಆಂಬ್ರೋಜಿಯೊ ಲೊರೆಂಝೆಟ್ಟಿ ಚಿತ್ರ ಬರೆದ. ನಾಲ್ಕನೇ ಗೋಡೆಯಲ್ಲಿ ಕಿಟಕಿ. ಆಳುವವನು ಯಾವ ಕಡೆ ತಿರುಗಿದರೂ ಕಣ್ಣು ತಪ್ಪಿಸಿಕೊಳ್ಳುವ ಹಾಗಿಲ್ಲ.

ಮೊದಲು ಹಗ್ಗದ ವಿಷಯ ಬರೆಯುತ್ತೇನೆ. ಫೋಟೋಗಳಲ್ಲಿ ನಾನು ಅದನ್ನು ಸರಿಯಾಗಿ ಗಮನಿಸಿಯೇ ಇರಲಿಲ್ಲ. ಕಿಟಕಿಯ ಎದುರಿನ ಗೋಡೆಯಲ್ಲಿ, ಎಡಗಡೆ ನ್ಯಾಯದೇವತೆ ಕೂತಿದ್ದಾಳೆ. ಅವಳ ತಕ್ಕಡಿಯ ಎರಡೂ ತಟ್ಟೆಯಿಂದ ಒಂದೊಂದು ದಾರ ಕೆಳಗಿಳಿಯುತ್ತದೆ. ಕೆಳಗೆ ಸಾಮರಸ್ಯ ಅನ್ನುವ ಹೆಣ್ಣು. ಅವಳ ತೊಡೆಯ ಮೇಲೆ ಬಡಗಿ ಮರ ಕೀಸುವ ಉಜ್ಜುಗೊರಡು. ಉಬ್ಬುತಗ್ಗು ತೆಗೆದು ಸಮ ಮಾಡುವವಳು ಅಂತ. ಅವಳ ಕೈಯಲ್ಲಿ ಆ ದಾರಗಳು ಸೇರಿ ಹಗ್ಗವಾಗುತ್ತವೆ. ಅಲ್ಲಿಂದ ಸಾಲಾಗಿ ನಿಂತ ಊರ ಜನ ಹಗ್ಗ ಹಿಡಿದುಕೊಂಡಿದ್ದಾರೆ. ಎಣಿಸಿದೆ, 24. ಇನ್ನೊಮ್ಮೆ ಎಣಿಸಿದೆ. ಹಗ್ಗದ ಇನ್ನೊಂದು ತುದಿ ಬಲಗಡೆ ಸಿಂಹಾಸನದಲ್ಲಿ ಕೂತ ಮುದುಕನ ಕೈಗೆ ಬಂದು ನಿಲ್ಲುತ್ತದೆ. ಅವನು ಬಿಳಿ ಕಪ್ಪು ಬಟ್ಟೆ ತೊಟ್ಟಿದ್ದಾನೆ, ಅದು ಸಿಯೆನಾದ ಬಣ್ಣ. ಅವನು ಯಾವ ಅರಸನೂ ಅಲ್ಲ. ಊರು ಅವನೇ, ಎಲ್ಲರ ಒಳಿತೂ ಅವನೇ.

ದೊರೆಯ ಕೈಯಲ್ಲಿ ಜನರ ಹಗ್ಗ ಇರುತ್ತದೆ ಎಂದೇ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಜನರ ಕೈ ದಾಟಿಯೇ ಹಗ್ಗ ದೊರೆಯ ಹತ್ತಿರ ಹೋಗಬೇಕು. ನಾನು ಅಲ್ಲೇ ಸುಮ್ಮನೆ ನಿಂತುಬಿಟ್ಟೆ. ಮಗಳು ಹೋಗಿ ಬೇರೆ ಕೋಣೆಗಳನ್ನು ನೋಡಿಕೊಂಡು ಬಂದಳು.

ಇದು ಯಾಕೆ ಅಷ್ಟು ದೊಡ್ಡ ಮಾತು ಅಂದರೆ, ಆ ಕಾಲದ ಬರಹಗಾರರು ಬಹುಪಾಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ದೊರೆ ಹೇಗಿರಬೇಕು? ರಾಜಕುಮಾರರಿಗೆ ಬುದ್ಧಿ ಹೇಳುವ ಪುಸ್ತಕಗಳನ್ನು ಅವರು ಕನ್ನಡಿ ಅಂತ ಕರೆಯುತ್ತಿದ್ದರು. ದೊರೆ ಅದರಲ್ಲಿ ಮುಖ ನೋಡಿಕೊಂಡು ತಿದ್ದಿಕೊಳ್ಳಬೇಕು. ದೊರೆ ಒಳ್ಳೆಯವನಾದರೆ ನಾಡು ತಾನಾಗಿ ಒಳ್ಳೆಯದಾಗುತ್ತದೆ. ನಮ್ಮಲ್ಲಿ ಯಥಾ ರಾಜ ತಥಾ ಪ್ರಜಾ ಅನ್ನುತ್ತೇವಲ್ಲ, ಹಾಗೆಯೇ. ಆದರೆ ಆ ಸಾಲಿನಲ್ಲೂ ಕೆಲವರು ಮುಖ ಬಿಟ್ಟು ಕಾಲು ನೋಡಿದ್ದಾರೆ. ನನಗೆ ಇಷ್ಟವಾಗುವವರು ಅವರೇ.

ಇಂಗ್ಲೆಂಡಿನ ಪಾದ್ರಿ, ಸಾಲಿಸ್‌ಬರಿಯ ಜಾನ್ 1159ರಲ್ಲಿ ಒಂದು ದೊಡ್ಡ ಪುಸ್ತಕ ಮುಗಿಸಿ ಥಾಮಸ್ ಬೆಕೆಟ್‌ಗೆ ಅರ್ಪಿಸಿದ. ಆಗ ಬೆಕೆಟ್ ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿಯ ಚಾನ್ಸಲರ್, ಅಂದರೆ ದೊಡ್ಡ ಅಧಿಕಾರಿ. ಜಾನ್‌ನ ಪ್ರಕಾರ ರಾಜ್ಯ ಒಂದು ಮೈ. ದೊರೆ ತಲೆ. ಪಾದ್ರಿಗಳು ಆತ್ಮ. ನ್ಯಾಯಾಧೀಶರು, ಪ್ರಾಂತ್ಯದ ಅಧಿಕಾರಿಗಳು ಕಣ್ಣು, ಕಿವಿ, ನಾಲಿಗೆ. ಸೈನಿಕರು ಕೈ. ಖಜಾನೆಯವರು ಹೊಟ್ಟೆ ಮತ್ತು ಕರುಳು. ಕರುಳು ದುರಾಸೆಯಿಂದ ತುಂಬಿಕೊಂಡು ಬಿಡದೆ ಇಟ್ಟುಕೊಂಡರೆ ಇಡೀ ಮೈಗೇ ಕಾಯಿಲೆ ಎನ್ನುತ್ತಾನೆ. ಇದನ್ನು ಓದಿದಾಗೆಲ್ಲ ಎಷ್ಟೊಂದು ಜನ ನೆನಪಾಗುತ್ತಾರೆ.

ಕಾಲು ಯಾರು? ರೈತರು, ಕೈಕಸುಬಿನವರು. ಅವರ ಸಂಖ್ಯೆ ಎಷ್ಟೆಂದರೆ ರಾಜ್ಯಕ್ಕೆ ಎಂಟು ಕಾಲಿನ ಏಡಿಗಿಂತ ಜಾಸ್ತಿ, ಜರಿಗಿಂತಲೂ ಜಾಸ್ತಿ ಕಾಲುಗಳು ಎಂದು ಜಾನ್ ಬರೆಯುತ್ತಾನೆ. ನೆಲದ ಮೇಲೆ ನಡೆಯುವುದು ಕಾಲು, ಕಲ್ಲು ಮುಳ್ಳು ಎಡವುವುದೂ ಕಾಲು. ಹಾಗಾಗಿ ತಲೆಯ ಕಾಳಜಿ ಹೆಚ್ಚು ಬೇಕಾಗಿರುವುದು ಅದಕ್ಕೇ. ಕಾಲು ತೆಗೆದುಬಿಟ್ಟರೆ ಎಂಥ ಗಟ್ಟಿ ಮೈಯೂ ತೆವಳಬೇಕಾಗುತ್ತದೆ. ಜನ ನರಳುತ್ತಿದ್ದರೆ ಅದು ದೊರೆಗೆ ಗೌಟ್ ಆಗಿದೆ ಎಂದೇ ತಿಳಿಯಬೇಕಂತೆ. ನನ್ನ ತಂದೆಗೆ ಗೌಟ್ ಇತ್ತು. ಕಾಲಿನ ಹೆಬ್ಬೆರಳಿಗೆ ಬೆಡ್‌ಶೀಟ್ ತಾಗಿದರೂ ಕೂಗುತ್ತಿದ್ದರು. ತಲೆ ಎಷ್ಟೇ ಚುರುಕಾಗಿದ್ದರೂ ಆ ರಾತ್ರಿ ಅವರಿಗೆ ಹೆಬ್ಬೆರಳು ಬಿಟ್ಟು ಬೇರೇನೂ ನೆನಪಿರುತ್ತಿರಲಿಲ್ಲ. ಜಾನ್‌ನ ಮಾತಿನ ತೂಕ ನನಗೆ ಅದರಿಂದ ಗೊತ್ತು.

ಪೀಡಕ ದೊರೆಯನ್ನು ಕೊಲ್ಲುವುದು ನ್ಯಾಯ ಎಂದೂ ಜಾನ್ ಬರೆದ. 11 ವರ್ಷದ ನಂತರ, 1170ರ ಡಿಸೆಂಬರ್ 29ರಂದು, ದೊರೆಯ ಕಡೆಯ ನೈಟ್‌ಗಳು ಕ್ಯಾಂಟರ್‌ಬರಿ ಚರ್ಚಿನೊಳಗೇ ಬೆಕೆಟ್‌ನನ್ನು ಕಡಿದು ಹಾಕಿದರು. ಅವನು ಆಗ ಆರ್ಚ್‌ಬಿಷಪ್. ಜಾನ್ ಕೂಡ ಅಂದು ಕ್ಯಾಂಟರ್‌ಬರಿಯಲ್ಲಿದ್ದ. ಸತ್ತದ್ದು ಪೀಡಕ ಅಲ್ಲ, ಪುಸ್ತಕವನ್ನು ಯಾರಿಗೆ ಕೊಟ್ಟಿದ್ದನೋ ಅವನು. ಜಾನ್ ಆ ರಾತ್ರಿ ಹೇಗೆ ಕಳೆದಿರಬಹುದು ಎಂದು ಯೋಚಿಸುತ್ತೇನೆ.

ಮುಂದಿನ ಶತಮಾನದ ಧರ್ಮಪಂಡಿತ ಥಾಮಸ್ ಅಕ್ವೈನಸ್ ಸೈಪ್ರಸ್ ದೊರೆಗಾಗಿ ಒಂದು ಪುಸ್ತಕ ಶುರು ಮಾಡಿ ಅರ್ಧಕ್ಕೇ ಬಿಟ್ಟ. ಪೀಡಕನನ್ನು ಯಾರೋ ಒಬ್ಬ ತನ್ನಿಷ್ಟಕ್ಕೆ ಕೊಲ್ಲಬಾರದು, ಎಲ್ಲರ ಪರವಾಗಿ ಅಧಿಕಾರ ಇರುವವರು ಇಳಿಸಬೇಕು ಎನ್ನುತ್ತಾನೆ. ಎಲ್ಲರ ಒಳಿತಿಗೆ ಆಳುವವನು ದೊರೆ, ತನ್ನ ಒಳಿತಿಗೆ ಆಳುವವನು ಪೀಡಕ. ಅಷ್ಟು ನೇರ ಗೆರೆ.

ನನಗೆ ಇನ್ನೂ ಹತ್ತಿರ ಅನಿಸುವವನು ಪಡುವಾದ ಮಾರ್ಸೀಲಿಯೊ. 1324ರಲ್ಲಿ ಅವನು ಬರೆದು ಮುಗಿಸಿದ ಪುಸ್ತಕದಲ್ಲಿ ಕಾನೂನು ಮಾಡುವ ಹಕ್ಕು ಇಡೀ ಜನಸಮುದಾಯದ್ದು, ಇಲ್ಲವೇ ಅದರಲ್ಲಿ ಹೆಚ್ಚು ತೂಕವಿರುವ ಭಾಗದ್ದು ಎಂದುಬಿಟ್ಟ. ಓದು ಬರಹ ಇಲ್ಲದವರು ಕಾನೂನು ಹೇಗೆ ಮಾಡುತ್ತಾರೆ ಎಂದು ಕೇಳುವವರಿಗೆ ಅರಿಸ್ಟಾಟಲ್‌ನ ಜಾಡು ಹಿಡಿದು ಉತ್ತರ ಕೊಟ್ಟ. ಚಿತ್ರ ಬರೆಯಲು, ಮನೆ ಕಟ್ಟಲು, ಹಡಗು ಮಾಡಲು ಬಾರದವರೂ ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಸರಿಯಾಗಿ ಹೇಳಬಲ್ಲರು. ಮನೆ ಸೋರುತ್ತದೋ ಇಲ್ಲವೋ ಎಂದು ಮೇಸ್ತ್ರಿಗಿಂತ ಒಳಗೆ ಮಲಗುವವರಿಗೆ ಚೆನ್ನಾಗಿ ಗೊತ್ತು, ಅಲ್ವಾ? ಬರೆದವನು ಯಾರು ಎಂದು ಗೊತ್ತಾದ ಮೇಲೆ 1326ರಲ್ಲಿ ಅವನು ಪ್ಯಾರಿಸ್ ಬಿಟ್ಟು ಪೋಪ್‌ಗೆ ಎದುರು ನಿಂತಿದ್ದ ದೊರೆ, ಬವೇರಿಯಾದ ಲೂಡ್ವಿಗ್ ಆಸರೆಗೆ ಓಡಬೇಕಾಯಿತು. ಮರುವರ್ಷ ಪೋಪ್ ಆ ಪುಸ್ತಕವನ್ನು ಖಂಡಿಸಿದರು.

ಮತ್ತೆ ಕೋಣೆಗೆ ಬರುತ್ತೇನೆ. ಬಲಗೋಡೆ ಒಳ್ಳೆಯ ಆಡಳಿತದ ಫಲ. ಸುಮಾರು 14 ಮೀಟರ್ ಉದ್ದ. ಅದರಲ್ಲಿ ದೊರೆಯೂ ಇಲ್ಲ, ಒಂಬತ್ತು ಜನರೂ ಇಲ್ಲ! ಚಪ್ಪಲಿ ಅಂಗಡಿ ಇದೆ, ಪಾಠ ಹೇಳುವ ಮೇಷ್ಟ್ರು ಇದ್ದಾರೆ. ಮೇಲೆ ಗಾರೆ ಕೆಲಸದವರು ಮನೆ ಕಟ್ಟುತ್ತಿದ್ದಾರೆ, ಬೀದಿಯಲ್ಲಿ ಕುಣಿತ. ಊರ ಬಾಗಿಲು ದಾಟಿದರೆ ಹೊಲ, ದ್ರಾಕ್ಷಿ ತೋಟ, ಕತ್ತೆಗಳ ಮೇಲೆ ಮೂಟೆ. ಆಡಳಿತ ಒಳ್ಳೆಯದಾ ಕೆಟ್ಟದ್ದಾ ಎಂದು ನೋಡಬೇಕಾದರೆ ಸಿಂಹಾಸನ ನೋಡಬೇಡ, ರಸ್ತೆ ನೋಡು ಎಂದು ಆಂಬ್ರೋಜಿಯೊ ಹೇಳಿದ ಹಾಗಿತ್ತು. ಬಾಗಿಲ ಮೇಲೆ ಭದ್ರತೆ ಅನ್ನುವ ಹೆಣ್ಣು ಹಾರುತ್ತಿದ್ದಾಳೆ. ಜನ ಹೆದರದೆ ಓಡಾಡಲಿ, ಉತ್ತು ಬಿತ್ತಲಿ ಎಂದು ಬರೆದ ಹಾಳೆ ಅವಳ ಒಂದು ಕೈಯಲ್ಲಿ. ಇನ್ನೊಂದು ಕೈಯಲ್ಲಿ ಗಲ್ಲುಗಂಬ, ಅದರಲ್ಲಿ ಒಬ್ಬ ನೇತಾಡುತ್ತಿದ್ದಾನೆ. ಅದನ್ನು ನೋಡಿ ನನಗೆ ಸಂಕಟವಾಯಿತು. ಈಗಲೂ ಆಗುತ್ತಿದೆ. ಆ ಶಾಂತಿಗೆ ಎಷ್ಟು ಬೆಲೆ ಎನ್ನುವುದನ್ನು ಚಿತ್ರಗಾರ ಮುಚ್ಚಿಡಲಿಲ್ಲ.

ಎದುರು ಗೋಡೆ ಪೀಡಕನದ್ದು. ಕೊಂಬು, ಕೋರೆಹಲ್ಲು, ಮೆಳ್ಳಗಣ್ಣು. ಅವನ ಕಾಲ ಕೆಳಗೆ ನ್ಯಾಯ ಕೈ ಕಟ್ಟಿಸಿಕೊಂಡು ಬಿದ್ದಿದ್ದಾಳೆ. ಆ ಊರಿನಲ್ಲಿ ದುಡಿಯುತ್ತಿರುವ ಕಸುಬಿನವನು ಒಬ್ಬನೇ, ಆಯುಧ ಮಾಡುವವನು. ಗಾರೆ ತುಂಬಾ ಉದುರಿಹೋಗಿದೆ, ಅರ್ಧ ಚಿತ್ರ ಊಹಿಸಿಕೊಳ್ಳಬೇಕು. ಚಿತ್ರ ಬರೆದು ಹತ್ತು ವರ್ಷ ತುಂಬುವುದರೊಳಗೆ, 1348ರಲ್ಲಿ, ಪ್ಲೇಗು ಬಂತು. ಆಂಬ್ರೋಜಿಯೊ ಕೂಡ ಅದರಲ್ಲೇ ಹೋದ ಎಂದು ನಂಬಲಾಗಿದೆ. 1355ರಲ್ಲಿ ಒಂಬತ್ತು ಜನರ ಆಳ್ವಿಕೆಯೂ ಉರುಳಿತು. ಗೋಡೆ ಮಾತ್ರ ನಿಂತಿತು.

ಬಸ್ಸಿನಲ್ಲಿ ವಾಪಸ್ ಬರುವಾಗ ಮೆಕಿಯಾವೆಲಿ ಬಗ್ಗೆ ಯೋಚಿಸಿದೆ. ಇಷ್ಟು ವರ್ಷ ತರಗತಿಯಲ್ಲಿ ಒಂದು ವಾಕ್ಯ ಬರೆಸಿದ್ದೇನೆ. "ಗುರಿ ಸರಿಯಿದ್ದರೆ ದಾರಿ ಹೇಗಿದ್ದರೂ ಸರಿ ಎಂದನು." ಅವನು ಹಾಗೆ ಬರೆದೇ ಇಲ್ಲ. ದೊರೆಯ ಮೇಲೆ ದೂರು ಕೊಡಲು ಬೇರೆ ಕೋರ್ಟು ಇಲ್ಲದಿರುವುದರಿಂದ ಜನ ಕೊನೆಗೆ ಏನಾಯಿತು ಎಂದು ಮಾತ್ರ ನೋಡುತ್ತಾರೆ ಎಂದು ಬರೆದ. ಮೊದಲನೆಯದು ಸಲಹೆ, ಎರಡನೆಯದು ಕಂಡದ್ದನ್ನು ಹೇಳಿದ್ದು. ಎರಡಕ್ಕೂ ಎಷ್ಟು ವ್ಯತ್ಯಾಸ! ಆ ಮಕ್ಕಳಿಗೆಲ್ಲ ನಾನು ಇದನ್ನು ಸರಿಯಾಗಿ ಹೇಳಬೇಕಿತ್ತು.

ಕಂಡದ್ದಂತೂ ಅವನು ಬಹಳ. 1498ರಿಂದ ಫ್ಲಾರೆನ್ಸ್ ಗಣರಾಜ್ಯದ ಅಧಿಕಾರಿ. 1502ರ ಕ್ರಿಸ್‌ಮಸ್ ಮರುದಿನ ಚೆಸೆನಾ ಊರಲ್ಲಿದ್ದ. ಆ ಸೀಮೆಯನ್ನು ಗೆದ್ದಿದ್ದ ಪೋಪ್ ಮಗ ಚೇಸರೆ ಬೋರ್ಜಾ ತನ್ನದೇ ಅಧಿಕಾರಿ ರಮೀರೊನನ್ನು ಎರಡು ತುಂಡು ಮಾಡಿಸಿ ಚೌಕದಲ್ಲಿ ಹಾಕಿಸಿದ್ದ. ಕ್ರೌರ್ಯದ ಕೆಲಸವನ್ನು ಅವನ ಕೈಯಲ್ಲಿ ಮಾಡಿಸಿಕೊಂಡು, ಜನರ ಸಿಟ್ಟನ್ನು ಅವನ ತಲೆಗೇ ಕಟ್ಟಿದ. ಇದನ್ನು ಜಾಣತನ ಎಂದು ಮೆಕಿಯಾವೆಲಿ ಬರೆಯುವಾಗ ನನಗೆ ಅವನ ಜೊತೆ ನಡೆಯಲು ಆಗುವುದಿಲ್ಲ. 1512ರಲ್ಲಿ, ಹಿಂದೆ ಫ್ಲಾರೆನ್ಸ್ ಆಳಿದ್ದ ಮೆಡಿಚಿ ಮನೆತನ ವಾಪಸ್ ಬಂದಾಗ ಅವನ ಕೆಲಸ ಹೋಯಿತು. ಮರುವರ್ಷ ಜೈಲು. ಕೈ ಹಿಂದೆ ಕಟ್ಟಿ ಹಗ್ಗದಲ್ಲಿ ಮೇಲೆಳೆದು ಬೀಳಿಸುವ ಹಿಂಸೆ. ಅದೇ ಹಗ್ಗ, ಇನ್ನೊಂದು ಕೆಲಸಕ್ಕೆ.

ಬಿಡುಗಡೆಯಾದ ಮೇಲೆ ಹಳ್ಳಿ ಮನೆಗೆ ಹೋದ. 1513ರ ಡಿಸೆಂಬರ್ 10ರ ಅವನ ಕಾಗದ ನನಗೆ ತುಂಬಾ ಇಷ್ಟ. ಹಗಲು ಹೋಟೆಲಿನಲ್ಲಿ ಕಟುಕ, ಹಿಟ್ಟಿನ ಗಿರಣಿಯವನ ಜೊತೆ ಆಟ, ಪುಡಿಗಾಸಿಗೆ ಜಗಳ. ಸಂಜೆ ಕೆಸರು ಮೆತ್ತಿದ ಬಟ್ಟೆ ಬಿಚ್ಚಿ, ದರ್ಬಾರಿನ ಉಡುಪು ತೊಟ್ಟು, ಓದುವ ಕೋಣೆಗೆ ಹೋಗುತ್ತಾನೆ. ನಾಲ್ಕು ಗಂಟೆ ಹಳೆಯ ಕಾಲದವರ ಜೊತೆ ಮಾತು. ಆ ಸಂಜೆಗಳಿಂದ ಬಂದದ್ದು ದೊರೆಯ ಪುಸ್ತಕ, 'ದಿ ಪ್ರಿನ್ಸ್'. ಅಚ್ಚಾಗಿದ್ದು 1532ರಲ್ಲಿ, ಅವನು ಸತ್ತು ಐದು ವರ್ಷದ ಮೇಲೆ.

ಮೆಕಿಯಾವೆಲಿಯ ಆ ಕಾಗದಕ್ಕಿಂತ 140 ವರ್ಷ ಮೊದಲು, 1373ರಲ್ಲಿ, ಮುದಿ ಕವಿ ಪೆಟ್ರಾರ್ಕ್ ಪಡುವಾದ ಒಡೆಯನಿಗೆ ಉದ್ದನೆ ಕಾಗದ ಬರೆದಿದ್ದ. ಜನ ನಿನ್ನನ್ನು ಪ್ರೀತಿಸಲಿ, ಹೆದರುವುದು ಬೇಡ ಎಂದು ಪ್ರಾಚೀನ ರೋಮಿನ ಸಿಸೆರೊನ ಮಾತು ತೆಗೆದು ಹೇಳಿದ. ಜೊತೆಗೆ, ಊರ ಬೀದಿಯಲ್ಲಿ ಹಂದಿಗಳು ಮಣ್ಣು ಕೆದಕುತ್ತಿವೆ, ಅದನ್ನು ನಿಲ್ಲಿಸು, ರಸ್ತೆ ಸರಿಮಾಡಿಸು, ಸುತ್ತಲಿನ ಜೌಗು ಒಣಗಿಸು ಎಂದೂ ಬರೆದ. ಆ ಹಂದಿಗಳಿಗಾಗಿ ನನಗೆ ಪೆಟ್ರಾರ್ಕ್ ಮೇಲೆ ಗೌರವ. ಗುಣಗಳ ದೊಡ್ಡ ಪಟ್ಟಿಯ ನಡುವೆ ಅವನು ಚರಂಡಿ ಮರೆಯಲಿಲ್ಲ.

ಮೆಕಿಯಾವೆಲಿ ಎಲ್ಲ ತಿರುಗಿಸಿದ. ಬಲ ಸಿಂಹದ್ದು, ಮೋಸ ನರಿಯದ್ದು, ಎರಡೂ ಮನುಷ್ಯನಿಗೆ ತಕ್ಕದ್ದಲ್ಲ ಎಂದಿದ್ದ ಸಿಸೆರೊ. ಇವನು ದೊರೆ ಎರಡೂ ಆಗಿರಬೇಕು ಎಂದ. ಪ್ರೀತಿ, ಭಯ ಎರಡೂ ಒಟ್ಟಿಗೆ ಸಿಗದಿದ್ದರೆ ಭಯವೇ ಗಟ್ಟಿ ಎಂದ. ಆದರೆ ದ್ವೇಷ ಕಟ್ಟಿಕೊಳ್ಳಬೇಡ, ಜನರ ಆಸ್ತಿ ಮುಟ್ಟಬೇಡ, ಜನ ದ್ವೇಷಿಸದಿರುವುದೇ ನಿನ್ನ ಒಳ್ಳೆಯ ಕೋಟೆ ಎಂದನಲ್ಲ, ಅದನ್ನು ಯಾರೂ ಹೇಳುವುದಿಲ್ಲ. ದೊಡ್ಡವರಿಗೆ ತುಳಿಯುವ ಆಸೆ, ಜನರಿಗೆ ತುಳಿಸಿಕೊಳ್ಳದಿರುವ ಆಸೆ ಅಷ್ಟೇ, ಆದ್ದರಿಂದ ಜನರ ಗುರಿಯೇ ಹೆಚ್ಚು ಮರ್ಯಾದೆಯದು ಎಂದೂ ಅದೇ ಪುಸ್ತಕದಲ್ಲಿದೆ. ಶುರುವಿನಲ್ಲೇ ಅವನು ಮೆಡಿಚಿಗೆ ಹೇಳುತ್ತಾನೆ: ಬೆಟ್ಟದ ಚಿತ್ರ ಬರೆಯುವವರು ಬಯಲಿಗಿಳಿದು ನಿಲ್ಲುತ್ತಾರೆ, ದೊರೆಯನ್ನು ತಿಳಿಯಬೇಕಾದರೆ ಜನರಲ್ಲಿ ಒಬ್ಬನಾಗಿರಬೇಕು. ಗಿರಣಿಯವನ ಜೊತೆ ಜಗಳವಾಡಿ ಬಂದವನ ಮಾತು ಇದು.

ಬಸ್ಸಿನಿಂದಲೇ ಬಲಗೋಡೆಯ ಫೋಟೋ ಒಂದನ್ನು ನನ್ನ ಹಳೆಯ ವಿದ್ಯಾರ್ಥಿನಿಗೆ ಕಳಿಸಿದೆ. ಅವಳೂ ಈಗ ಪಿಯುಗೆ ರಾಜ್ಯಶಾಸ್ತ್ರ ಹೇಳುತ್ತಾಳೆ. ನಾನು ಬರೆಸಿದ್ದ ಆ ವಾಕ್ಯ ತಪ್ಪು, ನೀನು ಬರೆಸಬೇಡ ಎಂದೂ ಹಾಕಿದೆ. ಅಲ್ಲಿ ನಮ್ಮ ಊರಲ್ಲಿ ಆಗಲೇ ರಾತ್ರಿ ಒಂಬತ್ತೂವರೆ ದಾಟಿತ್ತು. ಆದರೂ ತಕ್ಷಣ ಉತ್ತರ ಬಂತು. "ಸರಿ ಮೇಡಂ, ನಾಳೆಯೇ ತಿದ್ದುತ್ತೇನೆ. ರಸ್ತೆಯಲ್ಲಿ ಒಂದು ಹಂದಿ ಇದೆಯಲ್ಲ, ಅದು ಎಲ್ಲಿಗೆ ಹೋಗ್ತಿದೆ?"

ದೊಡ್ಡದು ಮಾಡಿ ನೋಡಿದೆ. ಕುದುರೆ ಏರಿದ ಶ್ರೀಮಂತರು ಬೇಟೆಗೆ ಅಂತ ಊರಿಂದ ಕೆಳಗಿಳಿಯುತ್ತಿದ್ದಾರೆ. ಅದೇ ರಸ್ತೆಯಲ್ಲಿ ರೈತ ಹಂದಿ ಹೊಡೆದುಕೊಂಡು ಮೇಲೆ ಬರುತ್ತಿದ್ದಾನೆ. ಕಪ್ಪು ಹಂದಿ, ಹೆಗಲ ಮೇಲೆ ಬಿಳಿ ಪಟ್ಟಿ.

"ಊರೊಳಗೆ, ಸಂತೆಗೆ ಇರಬೇಕು" ಎಂದು ಬರೆದು ಕಳಿಸಿದೆ.